ಹಾರ್ಲೆಮ್‌ನಿಂದ ಸ್ಕೋರ್ಲ್‌ವರೆಗೆ ಮರಳುದಿಬ್ಬದೊಳಗೆ ಗ್ರ್ಯಾವೆಲ್ ಬೈಕ್: ಕಾರೇ ಸಿಗದ ದಾರಿ ನಿಜವಾಗ್ಲೂ ಇದೆಯಾ?

ಹೊಸಬ_ಆಮ್‌ಸ್ಟಲ್‌ವೇನ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ಕೆಲಸದ ಮೇಲೆ ಇಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದಿದ್ದೀನಿ. ಊರಲ್ಲಿ ರೋಡ್ ಬೈಕ್ ಇತ್ತು. ನಂದಿ ಬೆಟ್ಟ, ಹೆಸರಘಟ್ಟ ಅಂತ ಸುತ್ತುತ್ತಿದ್ದೆ, ಆದ್ರೆ ಬೆನ್ನ ಹಿಂದೆ ಲಾರಿ ಬರ್ತಿದೆಯಾ ಅಂತ ಕಿವಿ ಸದಾ ಅತ್ತಲೇ. ಇಲ್ಲಿ ಗ್ರ್ಯಾವೆಲ್ ಬೈಕ್ ತಗೊಂಡಿದ್ದೀನಿ, ಅಂದ್ರೆ ಕಚ್ಚಾ ದಾರಿಗೂ ಆಗೋ ದಪ್ಪ ಟೈರಿನ ಸೈಕಲ್, 40 ಮಿಲಿಮೀಟರ್ ಟೈರ್. ಕಚೇರಿಗೆ ಹೋಗೋ ಕೆಂಪು ಡಾಂಬರಿನ ಸೈಕಲ್ ದಾರಿ ಚೆನ್ನಾಗೇ ಇದೆ, ಸಿಗ್ನಲ್ ಬಿಟ್ರೆ ತೊಂದರೆ ಇಲ್ಲ. ಆದ್ರೆ ಅದಕ್ಕೆ ಗ್ರ್ಯಾವೆಲ್ ಬೈಕ್ ಯಾಕೆ ಬೇಕು?

ಹಾರ್ಲೆಮ್ ಪಶ್ಚಿಮಕ್ಕೆ ಸಮುದ್ರದ ಪಕ್ಕ ದೊಡ್ಡ ಸಂರಕ್ಷಿತ ಪ್ರದೇಶ ಇದೆ, ಒಳಗೆ ಕಾರು ಬಿಡಲ್ಲ ಅಂತ ಕೇಳಿದೆ. ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋ ಹಾಗೆ ಒಂದು ದಾರಿ ಹೇಳ್ತೀರಾ? ಟಿಕೆಟ್ ಬೇಕಾ? ಕಾಡೆಮ್ಮೆ ಇವೆ ಅಂತ ಒಬ್ಬ ಸಹೋದ್ಯೋಗಿ ಹೆದರಿಸಿದ್ದಾನೆ, ತಮಾಷೆ ಮಾಡಿದ್ನೋ ನಿಜ ಹೇಳಿದ್ನೋ ಗೊತ್ತಿಲ್ಲ.

ಎದುರುಗಾಳಿ
ತಮಾಷೆ ಅಲ್ಲ, ನಿಜ. ಯುರೋಪಿನ ಕಾಡೆಮ್ಮೆ, ಇಲ್ಲಿನವರು ವಿಸೆಂಟ್ ಅಂತಾರೆ. 2007ರಲ್ಲಿ ಝಾಂಡ್‌ಫೋರ್ಟ್ ಹತ್ತಿರದ ಕ್ರಾನ್ಸ್‌ಫ್ಲಾಕ್ ಅನ್ನೋ ಭಾಗಕ್ಕೆ ತಂದು ಬಿಟ್ಟರು. ಅದಕ್ಕೆ ಬೇಲಿ ಇದೆ, ಸೈಕಲ್ ಒಳಗೆ ಹೋಗಲ್ಲ, ಹೆದರಬೇಡಿ. ನಿಮ್ಮ ದಾರಿಗೆ ಅಡ್ಡ ಬರೋದು ಹೈಲ್ಯಾಂಡ್ ದನಗಳು. ಉದ್ದ ಕೊಂಬು, ಕಣ್ಣು ಮುಚ್ಚುವಷ್ಟು ಕೂದಲು. ಪಾಪದವು, ಆದ್ರೆ 25 ಮೀಟರ್ ದೂರ ಇರಬೇಕು ಅನ್ನೋದು ನಿಯಮ. ದಾರಿ ಮಧ್ಯೆಯೇ ಮಲಗಿದ್ರೆ ಇಳಿದು ದೂರದಿಂದ ಬಳಸಿಕೊಂಡು ಹೋಗಿ. ಕರು ಮತ್ತು ತಾಯಿ ನಡುವೆ ಮಾತ್ರ ಹೋಗಬೇಡಿ.

ಈಗ ದಾರಿ. ನೀವು ಕೇಳಿದ ಜಾಗ ಒಂದಲ್ಲ, ಎರಡು ಮೂರು ತುಂಡು. ದಕ್ಷಿಣದಿಂದ ಶುರು ಮಾಡಿದ್ರೆ ಝಾಂಡ್‌ಫೋರ್ಟ್ ಮತ್ತು ಐಮಾಯ್ಡನ್ ನಡುವೆ ಜೌಡ್-ಕೆನ್ನೆಮರ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ, ಸುಮಾರು 3,800 ಹೆಕ್ಟೇರ್, 1995ರಿಂದ ರಾಷ್ಟ್ರೀಯ ಉದ್ಯಾನ. ಆಮೇಲೆ ಉತ್ತರ ಸಮುದ್ರ ಕಾಲುವೆ ದಾಟಬೇಕು. ಆಚೆ ವೈಕ್ ಆನ್ ಜೇಯಿಂದ ಬರ್ಗನ್‌ವರೆಗೆ ನೋರ್ಡ್‌ಹಾಲಂಡ್ಸ್ ಡೌನ್‌ರೆಸರ್ವಾಟ್ ಅನ್ನೋ ಸಂರಕ್ಷಿತ ದಿಬ್ಬ ಪ್ರದೇಶ, 5,300 ಹೆಕ್ಟೇರ್ ಆಸುಪಾಸು, ಉದ್ದ ಸುಮಾರು 20 ಕಿಲೋಮೀಟರ್. ಅದರ ತಲೆಗೆ ಅಂಟಿಕೊಂಡು ಸ್ಕೋರ್ಲ್ ದಿಬ್ಬಗಳು. ಓವರ್‌ವೇನ್ ಸ್ಟೇಷನ್‌ನಲ್ಲಿ ಇಳಿದು ಸ್ಕೋರ್ಲ್ ತಲುಪಿ ಆಲ್ಕ್‌ಮಾರ್‌ನಲ್ಲಿ ರೈಲು ಹತ್ತಿದ್ರೆ ಹೆಚ್ಚುಕಡಿಮೆ 60–70 ಕಿಲೋಮೀಟರ್ ಆಗುತ್ತೆ, ಎಲ್ಲೆಲ್ಲಿ ಬಳಸ್ತೀರಿ ಅನ್ನೋದರ ಮೇಲೆ.

ಟಿಕೆಟ್: ರಾಷ್ಟ್ರೀಯ ಉದ್ಯಾನಕ್ಕೆ ಬೇಡ. ಕಾಲುವೆ ಆಚೆಯ ರೆಸರ್ವಾಟ್‌ಗೆ ಡೌನ್‌ಕಾರ್ಟ್ ಅಂತ ಬೇಕು, ಸಣ್ಣ ಮೊತ್ತ, ದಿನಕ್ಕೂ ಸಿಗುತ್ತೆ ವರ್ಷಕ್ಕೂ ಸಿಗುತ್ತೆ.

ಟ್ಯೂಬ್‌ಲೆಸ್_ತಿಮ್ಮ
ಮೊದಲೇ ಹೇಳಿಬಿಡ್ತೀನಿ, ಗ್ರ್ಯಾವೆಲ್ ಅಂತ ಕನಸು ಕಂಡು ಹೋಗಬೇಡಿ. ಅರ್ಧಕ್ಕರ್ಧ ದಾರಿ ಡಾಂಬರು, ಕಾಂಕ್ರೀಟು. ಚಿಪ್ಪಿನ ದಾರಿ ಬಂದಾಗ ಮಾತ್ರ ಮಜಾ.

ಹೊಸಬ_ಆಮ್‌ಸ್ಟಲ್‌ವೇನ್
ಚಿಪ್ಪಿನ ದಾರಿ ಅಂದ್ರೆ?

ಎದುರುಗಾಳಿ
ಸಮುದ್ರದ ಚಿಪ್ಪು. ಅದನ್ನು ದಾರಿಗೆ ಸುರಿದು ಒತ್ತಿಬಿಡ್ತಾರೆ, ಇಲ್ಲಿನ ಕರಾವಳಿಯ ಹಳೇ ಪದ್ಧತಿ. ಎರಡು ಸೈಕಲ್ ಅಕ್ಕಪಕ್ಕ ಕಷ್ಟಪಟ್ಟು ಹಿಡಿಯುವಷ್ಟು ಅಗಲ, ಬಿಸಿಲಲ್ಲಿ ಕಣ್ಣು ಕುಕ್ಕೋ ಬಿಳಿ. ಒಣಗಿದ್ದಾಗ ಟೈರ್ ಅಡಿಯಲ್ಲಿ ಹಪ್ಪಳ ಮುರಿದ ಹಾಗೆ ಸದ್ದು, ಅದರಿಂದ ಒಂದು ಅನುಕೂಲ ಅಂದ್ರೆ ಮುಂದೆ ನಡೆಯೋರಿಗೆ ನೀವು ಬರ್ತಿರೋದು ಕೇಳುತ್ತೆ. ಅಂಚಿನಲ್ಲಿ ಚಿಪ್ಪು ಸಡಿಲ ಇರುತ್ತೆ, ಮಧ್ಯದಲ್ಲಿ ಗಟ್ಟಿ. ಎದುರಿಂದ ಯಾರಾದ್ರೂ ಬಂದಾಗ ಅಂಚಿಗೆ ಸರಿದು ಮುಂದಿನ ಬ್ರೇಕ್ ಒತ್ತಿದ್ರೆ ಚಕ್ರ ಜಾರುತ್ತೆ. ಹಿಂದಿನ ಬ್ರೇಕ್ ಸಾಕು, ಅದೂ ಮೊದಲೇ.

ಮಳೆ ಬಂದ್ಮೇಲೆ ಕಥೆ ಬೇರೆ. ಚಿಪ್ಪಿನ ಪುಡಿ ನೀರು ಕುಡಿದು ಬಿಳಿ ಪೇಸ್ಟ್ ಆಗುತ್ತೆ. ಚೈನ್, ಗೇರ್ ಬದಲಿಸೋ ಡಿರೇಲರ್, ಬ್ರೇಕ್ ಪ್ಯಾಡ್, ಎಲ್ಲದಕ್ಕೂ ಮೆತ್ತಿಕೊಳ್ಳುತ್ತೆ. ಮನೆಗೆ ಬಂದು ಅದೇ ದಿನ ತೊಳೀಲಿಲ್ಲ ಅಂದ್ರೆ ಮಾರನೇ ದಿನ ಗಟ್ಟಿ ಸುಣ್ಣ.

ಕುಮಟಾ_ಕಡಲು
ಸುಣ್ಣ ಅಂದ ಕೂಡಲೇ ಓದೋದು ನಿಲ್ಲಿಸಿ ಬರೆಯೋಕೆ ಕೂತೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ತೆಗೆದು ಸುಟ್ಟು ಸುಣ್ಣ ಮಾಡೋದು ತಲೆತಲಾಂತರದಿಂದ ಇದೆ. ಗೋಡೆಗೆ ಬಳೀತಾರೆ, ಎಲೆಗೆ ಹಚ್ಚಿ ತಿಂತಾರೆ. ಅದನ್ನೇ ಸೈಕಲ್ ದಾರಿಗೆ ಹಾಸ್ತಾರೆ ಅಂತ ಇವತ್ತೇ ಗೊತ್ತಾಗಿದ್ದು. ಅಳಿವೆಯನ್ನ 2024ರಲ್ಲಿ ರಾಮ್‌ಸಾರ್ ತಾಣ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಸೇರಿಸಿದ್ರು. ಈಗ ಅಲ್ಲಿ ದಾರಿ ಗೀರಿ ಮಾಡ್ತೀವಿ ಅಂದ್ರೆ ಮೊದಲು ಬರೋದು ಜೆಸಿಬಿ, ಆಮೇಲೆ ಕಾಂಕ್ರೀಟು.

ಅದಿರಲಿ, ನಾನು ಕೇಳಬೇಕಂತಿದ್ದದ್ದು ಇದು. ಸಮುದ್ರ ತೀರದ ಇಷ್ಟು ದೊಡ್ಡ ಜಾಗನ ರೆಸಾರ್ಟ್‌ನವರು, ಬಿಲ್ಡರ್‌ಗಳು ಹೇಗೆ ಬಿಟ್ರು? ಅದೂ ಇಷ್ಟು ಜನ ಇರೋ ದೇಶದಲ್ಲಿ? ಬರೀ ಪರಿಸರ ಪ್ರೇಮ ಅಂದ್ರೆ ನಾನು ನಂಬಲ್ಲ.

ನೀರಿನ_ಲೆಕ್ಕ
ನಂಬಬೇಡಿ, ನಿಮ್ಮ ಅನುಮಾನ ಸರಿ. ನೀರಿನ ಕ್ಷೇತ್ರದಲ್ಲೇ ಕೆಲಸ ಮಾಡೋದ್ರಿಂದ ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಈ ದಿಬ್ಬಗಳು ಉಳಿದಿರೋದಕ್ಕೆ ದೊಡ್ಡ ಕಾರಣ ಕುಡಿಯೋ ನೀರು. 19ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ನೀರು ಕುಡಿಯೋ ಹಾಗಿರಲಿಲ್ಲ, ಕಾಲರಾ ಬೇರೆ. 1853ರಲ್ಲಿ ಹಾರ್ಲೆಮ್ ಪಕ್ಕದ ಮರಳುದಿಬ್ಬದಿಂದ ಕೊಳವೆ ಹಾಕಿ ನಗರಕ್ಕೆ ನೀರು ತಂದರು, ನಗರದ ಬಾಗಿಲಲ್ಲಿ ಬಕೆಟ್ಟಿಗೆ ಒಂದು ಸೆಂಟ್ ಕೊಟ್ಟು ಜನ ಹಿಡಿದರು. ಮಳೆ ನೀರು ಮರಳಲ್ಲಿ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೇಲ್ತಾ ನಿಂತಿರುತ್ತೆ, ಸಿಹಿನೀರು ಹಗುರ ಅಲ್ವಾ. ಊರು ಬೆಳೀತಾ ಬೆಳೀತಾ ಎಳೆದದ್ದು ಜಾಸ್ತಿ ಆಯ್ತು, ಕೆಳಗಿನ ಉಪ್ಪು ಮೇಲಕ್ಕೆ ಬರೋಕೆ ಶುರು. ಬೋರ್‌ವೆಲ್ ಊರಿನವರಿಗೆ ಇದನ್ನ ವಿವರಿಸಬೇಕಿಲ್ಲ. ಅದಕ್ಕೇ 1957ರಿಂದ ರೈನ್ ನದಿ ನೀರನ್ನ ಶುದ್ಧ ಮಾಡಿ ಕೊಳವೆಯಲ್ಲಿ ತಂದು ದಿಬ್ಬದ ಕಾಲುವೆಗಳಿಗೆ ಬಿಡ್ತಾರೆ. ಅದು ತಿಂಗಳುಗಟ್ಟಲೆ ಮರಳಲ್ಲಿ ಸೋಸಿ ಬರುತ್ತೆ, ಆಮೇಲೆ ಇನ್ನೊಂದು ಸುತ್ತು ಶುದ್ಧೀಕರಣ. ಕೊನೆಗೆ ನಲ್ಲಿಯಲ್ಲಿ ಬರೋ ನೀರಿಗೆ ಕ್ಲೋರಿನ್ ಹಾಕೋದೇ ಇಲ್ಲ.

ಹಾಗಾಗಿ ಇಡೀ ಪ್ರದೇಶ ಒಂದು ದೊಡ್ಡ ಫಿಲ್ಟರ್. ಫಿಲ್ಟರ್ ಮೇಲೆ ಯಾರೂ ಅಪಾರ್ಟ್‌ಮೆಂಟ್ ಕಟ್ಟಲ್ಲ, ಪೆಟ್ರೋಲ್ ಬಂಕ್ ಇಡಲ್ಲ. ನೀವು ಡೌನ್‌ಕಾರ್ಟ್ ದುಡ್ಡು ಕೊಡೋದು ಅರಣ್ಯ ಇಲಾಖೆಗೆ ಅಂದ್ಕೊಂಡಿದ್ರೆ ಅದೂ ಅಲ್ಲ, ಪಿಡಬ್ಲ್ಯುಎನ್ ಅನ್ನೋ ನೀರು ಸರಬರಾಜು ಕಂಪನಿಗೆ. ಅದರ ಮಾಲೀಕ ಉತ್ತರ ಹಾಲೆಂಡ್ ಪ್ರಾಂತ್ಯ. ಹೇಗ್ ಪಕ್ಕದ ಮೈಯೆಂಡೆಲ್ ದಿಬ್ಬದಲ್ಲೂ ಇದೇ ಕಥೆ, ಅಲ್ಲಿ ಡ್ಯುನೇಯಾ ಅನ್ನೋ ನೀರಿನ ಕಂಪನಿ. ಕಾರು ಇಲ್ಲದ ದಾರಿ ಸೈಕಲ್‌ನವರಿಗೋಸ್ಕರ ಮಾಡಿದ್ದಲ್ಲ. ನೀರಿಗೋಸ್ಕರ ಕಾರನ್ನ ಹೊರಗಿಟ್ಟ ಜಾಗಕ್ಕೆ ನಮ್ಮನ್ನ ಕೆಲವು ಗೆರೆ ಮೇಲೆ ಬಿಟ್ಟಿದ್ದಾರೆ, ಅಷ್ಟೇ.

ಕುಮಟಾ_ಕಡಲು
ಈಗ ನಂಬಿದೆ. ಲೆಕ್ಕ ಇದ್ದ ಕಡೆ ಮಾತ್ರ ಕಾಡು ಉಳಿಯುತ್ತೆ.

ಮೈಸೂರು_ಟು_ಲೈಡನ್
ಒಂದು ಎಚ್ಚರಿಕೆ ಸೇರಿಸ್ತೀನಿ. ಝಾಂಡ್‌ಫೋರ್ಟ್‌ನ ದಕ್ಷಿಣಕ್ಕೆ ಆಮ್‌ಸ್ಟರ್‌ಡ್ಯಾಮ್‌ನ ನೀರಿನ ದಿಬ್ಬಗಳು, ಅಂದ್ರೆ ಆಮ್‌ಸ್ಟರ್‌ಡಾಮ್ಸೆ ವಾಟರ್‌ಲೈಡಿಂಗ್‌ಡೌನನ್, 3,400 ಹೆಕ್ಟೇರ್. ಮ್ಯಾಪಲ್ಲಿ ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ, ಎಷ್ಟೊಂದು ದಾರಿ. ಅಲ್ಲಿ ಸೈಕಲ್ ಪೂರ್ತಿ ನಿಷೇಧ. ನಾಯಿನೂ ಬಿಡಲ್ಲ. ಆದ್ರೆ ನಡೆಯೋರು ದಾರಿ ಬಿಟ್ಟು ಎಲ್ಲಿ ಬೇಕಾದ್ರೂ ಅಲೆದಾಡಬಹುದು, ಈ ದೇಶದಲ್ಲಿ ಇದು ಅಪರೂಪ. ಜಿಂಕೆಗಳು ಸಿಕ್ಕಾಪಟ್ಟೆ. ಸೈಕಲ್ ಗೇಟಲ್ಲಿ ಬೀಗ ಹಾಕಿಟ್ಟು ಒಂದು ದಿನ ನಡೆದು ಬನ್ನಿ.

ಟ್ಯೂಬ್‌ಲೆಸ್_ತಿಮ್ಮ
ಇದೇ ನನಗೆ ಅರ್ಥ ಆಗದ್ದು. ನಡೆಯೋರು ದಿಬ್ಬದ ಮೇಲೆಲ್ಲಾ ತುಳೀಬಹುದು, ನಾನು 40 ಮಿಲಿಮೀಟರ್ ಟೈರಲ್ಲಿ ಹೋದ್ರೆ ಪ್ರಕೃತಿ ನಾಶ! ರಾಷ್ಟ್ರೀಯ ಉದ್ಯಾನದಲ್ಲೂ ಅಷ್ಟೇ. ಕುದುರೆಗೆ ಅಂತ ಬೇರೆ ಮರಳಿನ ದಾರಿ ಇದೆ, ಕಾಲುದಾರಿ ಇದೆ, ಬೆಳಿಗ್ಗೆ ಆರಕ್ಕೆ ಹೋದ್ರೆ ಒಂದು ನರಪಿಳ್ಳೆ ಇರಲ್ಲ. ಕೊಮೂಟ್ ಆ್ಯಪ್ಪೇ ಆ ದಾರಿ ತೋರಿಸುತ್ತೆ. ಹೊಸಬರಿಗೆ ಹೇಳ್ತೀನಿ, ಬೆಳಿಗ್ಗೆ ಬೇಗ ಹೋಗಿ, ಕಾಲುದಾರಿ ಹಿಡೀರಿ, ಅದೇ ನಿಜವಾದ ಗ್ರ್ಯಾವೆಲ್. ಯಾರೂ ಕೇಳಲ್ಲ.

ಧಾರವಾಡ_ಪೇಡೆ
ಯಾರೂ ಕೇಳಂಗಿಲ್ಲ ಅಂತ ನೀವು ಅಂತೀರಿ. ನಾನು ಕೇಳ್ತೇನ್ರೀ. ನಾ ಸಾಂಟ್‌ಪೋರ್ಟ್ ಕಡೆ ಇರಾಕಿ, ನಸುಕಿನ್ಯಾಗ ಆ ಕಾಲುದಾರ್ಯಾಗ ನಡಿಲಿಕ್ಕೆ ಹೋಗ್ತೇನಿ. ನಿಮ್ಮ ಆ ನರಪಿಳ್ಳೆ ನಾನೇ. ತಿರುವಿನ್ಯಾಗ ಒಮ್ಮಿಂದೊಮ್ಮೆ ಹೆಲ್ಮೆಟ್ ಹಾಕ್ಕೊಂಡಾವ್ರು ಬಂದು ಬಿಡ್ತಾರ, ಬೆಲ್ ಇಲ್ಲ, ಏನಿಲ್ಲ. ಮರಳಿನ್ಯಾಗ ಸಪ್ಪಳಾನೂ ಆಗಂಗಿಲ್ಲ. ಕಾರ್ ಇಲ್ಲದ ದಾರಿ ಬೇಕು ಅಂತ ಬರ್ತೀರಿ, ಬಂದು ನಡಿಯೋ ಮಂದಿಗೆ ನೀವೇ ಕಾರ್ ಆಗ್ತೀರಿ. ಭಾಳ ಸಿಟ್ಟಿಲೆ ಬರಿಯಾಕತ್ತೇನಿ ಅಂತ ತಿಳಕೋಬ್ಯಾಡ್ರಿ, ಆದ್ರ ಸಿಟ್ಟು ಬಂದದ.

ಮೈಸೂರು_ಟು_ಲೈಡನ್
ಪೇಡೆ ಅಮ್ಮನವರಿಗೆ ನನ್ನ ಒಂದು ಓಟು.

ನೀರಿನ_ಲೆಕ್ಕ
ತಿಮ್ಮ ಅವರ ಪ್ರಶ್ನೆ ಅಷ್ಟು ಪೆದ್ದು ಪ್ರಶ್ನೆ ಅಲ್ಲ, ಅದಕ್ಕೆ ಸರಿಯಾದ ಉತ್ತರ ಕೊಡಬೇಕು. ಸಾಮಾನ್ಯವಾಗಿ ಹೇಳೋ ಉತ್ತರ "ಟೈರ್‌ನಿಂದ ಮಣ್ಣು ಕೊರೆದು ಹೋಗುತ್ತೆ" ಅಂತ. ಈ ದಿಬ್ಬಗಳಲ್ಲಿ ಅದು ಅರ್ಧ ಸತ್ಯ. ಇಲ್ಲಿನ ಈಗಿನ ತಲೆನೋವು ಮರಳು ಓಡಾಡ್ತಿಲ್ಲ ಅನ್ನೋದು. ಗೊಬ್ಬರ, ವಾಹನ, ಕಾರ್ಖಾನೆಗಳಿಂದ ಗಾಳಿಗೆ ಸೇರೋ ಸಾರಜನಕ ಮರಳ ಮೇಲೆ ಕೂತು ಹುಲ್ಲು ಮಿತಿಮೀರಿ ಬೆಳೀತಿದೆ. ಮೊದಲು ಮೊಲಗಳು ಮೇಯ್ದು ಬೋಳಿಸ್ತಿದ್ವು, ರೋಗ ಬಂದು ಅವೂ ಕಮ್ಮಿ ಆದವು. ಆ ಕೆಲಸಕ್ಕೇ ಹೈಲ್ಯಾಂಡ್ ದನ, ಕಾಡೆಮ್ಮೆ ಬಂದಿರೋದು. 2013ರ ಹೊತ್ತಿಗೆ ಬ್ಲೂಮೆಂಡಾಲ್ ಉತ್ತರಕ್ಕೆ ಸಮುದ್ರದ ಮುಂದಿನ ದಿಬ್ಬವನ್ನೇ ಐದು ಕಡೆ ಕಡಿದು ಬಾಯಿ ಮಾಡಿದರು, ಗಾಳಿ ಮರಳನ್ನ ಒಳಗೆ ತರಲಿ ಅಂತ. ಸ್ಕೋರ್ಲ್ ಹತ್ತಿರ 1997ರಲ್ಲೇ ಹೀಗೆ ಒಂದು ಕಡಿದಿದ್ರು, ಅಲ್ಲಿ ದೊಡ್ಡ ಅಲೆಗೆ ಸಮುದ್ರದ ನೀರೇ ಒಳಗೆ ಬರ್ತಿತ್ತು. ಸಮುದ್ರ ತಡೆಯೋಕೆ ಡೈಕ್ ಅನ್ನೋ ಒಡ್ಡು ಕಟ್ಟೋ ಡಚ್ಚರು ತಾವೇ ಗೋಡೆ ಒಡೆದಿದ್ದು!

ಹಾಗಿದ್ದ ಮೇಲೆ ನಿಮ್ಮ ಟೈರ್ ಗುರುತು ದೊಡ್ಡ ವಿಷಯ ಅಲ್ಲ, ಒಪ್ಪಿದೆ. ದೊಡ್ಡ ವಿಷಯ ಗದ್ದಲ ಮತ್ತು ವೇಗ. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳಿವೆ, ಬಿಸಿಲು ಕಾಯಿಸೋ ಮರಳು ಹಲ್ಲಿಗಳಿವೆ. ಜನ ದಿನಾ ಒಂದೇ ಗೆರೆಯಲ್ಲಿ ಹೋದ್ರೆ ಪ್ರಾಣಿಗಳು ಆ ಗೆರೆಗೆ ಒಗ್ಗಿಕೊಳ್ಳುತ್ತವೆ. ಎಲ್ಲೆಂದರಲ್ಲಿ, ಅದೂ ನಸುಕಲ್ಲಿ 25 ಕಿಲೋಮೀಟರ್ ವೇಗದಲ್ಲಿ ಬರೋದಕ್ಕೆ ಒಗ್ಗಲ್ಲ. ನಡೆಯೋನು ಇಡೀ ಬೆಳಿಗ್ಗೆ ತಿರುಗೋ ಜಾಗನ ಸೈಕಲ್‌ನವನು ಅರ್ಧ ಗಂಟೆಯಲ್ಲಿ ಮುಗಿಸ್ತಾನೆ. ಆ್ಯಪ್ ದಾರಿ ತೋರಿಸೋದು ಹಿಂದೆ ಯಾರೋ ಹೋಗಿದ್ದಾರೆ ಅಂತ, ಹೋಗಬಹುದು ಅಂತ ಅಲ್ಲ.

ಟ್ಯೂಬ್‌ಲೆಸ್_ತಿಮ್ಮ
ಸರಿ, ಪೇಡೆ ಅವರ ಹತ್ತಿರ ಜಗಳ ನನಗೆ ಬೇಡ. ಆದ್ರೆ ನನ್ನ ಮಾತು ಪೂರ್ತಿ ವಾಪಸ್ ತಗೊಳಲ್ಲ. ಸ್ಕೋರ್ಲ್‌ನಲ್ಲಿ ಮೌಂಟೇನ್ ಬೈಕ್‌ಗೆ ಅಂತಲೇ ಗುರುತು ಹಾಕಿದ ಮಾರ್ಗ ಕೊಟ್ಟಿದ್ದಾರೆ, ಅಲ್ಲಿ ಯಾರೂ ಕಳ್ಳದಾರಿ ಹುಡುಕಲ್ಲ. ಹಾರ್ಲೆಮ್ ಕಡೆ ಅಂಥದ್ದೊಂದು ಕೊಟ್ಟಿದ್ರೆ ಈ ತಕರಾರೇ ಇರ್ತಿರಲಿಲ್ಲ. ಇದ್ದಬದ್ದ ಚಿಪ್ಪಿನ ದಾರಿಗಳನ್ನೂ ಗಾಲಿಕುರ್ಚಿ, ಇ-ಬೈಕ್‌ಗೆ ಅನುಕೂಲ ಅಂತ ಕಾಂಕ್ರೀಟ್ ಮಾಡ್ತಾ ಹೋದ್ರೆ ನಾವು ಎಲ್ಲಿಗೆ ಹೋಗೋದು?

ಧಾರವಾಡ_ಪೇಡೆ
ಗಾಲಿಕುರ್ಚಿಗೆ ಆದ್ರ ಕಾಂಕ್ರೀಟ್ ಮಾಡ್ಲಿ ಬಿಡ್ರಿ. ಅವ್ರೂ ಸಮುದ್ರ ನೋಡಬೇಕಲ್ಲ.

ಟ್ಯೂಬ್‌ಲೆಸ್_ತಿಮ್ಮ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಟೈರ್ ವಿಷಯಕ್ಕೆ ಬರ್ತೀನಿ, ಅದು ನನ್ನ ಕ್ಷೇತ್ರ.

40 ಮಿಲಿಮೀಟರ್ ಸಾಕು. ನಡುವೆ ನಯ, ಅಂಚಲ್ಲಿ ಸಣ್ಣ ಗುಬಟೆ ಇರೋ ಟೈರ್ ಒಳ್ಳೇದು. ದೊಡ್ಡ ಗುಬಟೆ ಟೈರ್ ಹಾಕಿದ್ರೆ ಕಾಂಕ್ರೀಟಲ್ಲಿ ಕೊಂಯ್ ಅಂತ ಕಿವಿ ತೂತಾಗುತ್ತೆ. 70 ಕೆಜಿ ಮನುಷ್ಯನಿಗೆ 2.2ರಿಂದ 2.5 ಬಾರ್ ಗಾಳಿ. ರೋಡ್ ಬೈಕ್ ಅಭ್ಯಾಸದಲ್ಲಿ ಕಲ್ಲಾಗೋ ಹಾಗೆ ತುಂಬಿಸಿದ್ರೆ ಚಿಪ್ಪಿನ ಮೇಲೆ ಕೈ ನಡುಗಿ ಹೋಗುತ್ತೆ. ಟ್ಯೂಬ್‌ಲೆಸ್ ಮಾಡಿಸಿ, ಯಾಕಂದ್ರೆ ದಾರಿ ಬದಿಗೆಲ್ಲಾ ಡೌನ್‌ಡೋರ್ನ್ ಅನ್ನೋ ಮುಳ್ಳಿನ ಪೊದೆ. ಬೇಸಿಗೆ ಕೊನೆಗೆ ಕಿತ್ತಳೆ ಬಣ್ಣದ ಹಣ್ಣು ಬಿಟ್ಟು ಫೋಟೋಗೆ ಚೆನ್ನಾಗಿರುತ್ತೆ. ಕತ್ತರಿಸಿದ ರೆಂಬೆ ದಾರಿಗೆ ಬಿದ್ದಿದ್ರೆ ಟ್ಯೂಬ್ ಕಥೆ ಮುಗೀತು.

ಇನ್ನು ಮರಳು. ಜೋರು ಗಾಳಿ ಆದ ಮಾರನೇ ದಿನ ದಾರಿಗೆ ಅಡ್ಡಲಾಗಿ ಮರಳು ನಾಲಿಗೆ ಚಾಚಿರುತ್ತೆ. ನೋಡಿದ ತಕ್ಷಣ ಗೇರ್ ಹಗುರ ಮಾಡಿ, ಮೈ ಭಾರ ಹಿಂದಕ್ಕೆ ಹಾಕಿ, ಹ್ಯಾಂಡಲ್ ಹಿಡಿತ ಸಡಿಲ ಬಿಟ್ಟು ತುಳೀತಾನೇ ಇರಿ. ಮರಳಲ್ಲಿ ತಿರುಗಿಸೋಕೆ ಹೋದ್ರೆ ಮುಂದಿನ ಚಕ್ರ ಹೂತು ನೀವು ಮುಂದೆ, ಸೈಕಲ್ ಹಿಂದೆ.

ಎದುರುಗಾಳಿ
ತಿಮ್ಮ ಟೈರ್ ವಿಷಯದಲ್ಲಿ ಹೇಳಿದ್ದು ಅಕ್ಷರಶಃ ಸರಿ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ: ದನ ದಾಟಬಾರದು ಅಂತ ದಾರಿಗೆ ಅಡ್ಡ ಹಾಕಿರೋ ಕಬ್ಬಿಣದ ಸರಳುಗಳ ಜಾಲರಿ. ಒಣಗಿದ್ದಾಗ ಗಡಗಡ ಅಂತ ದಾಟಿ ಹೋಗಬಹುದು. ಒದ್ದೆ ಇದ್ದಾಗ ನೇರ, ಸರಳಿಗೆ ಸಮಕೋನದಲ್ಲಿ, ಬ್ರೇಕ್ ಮುಟ್ಟದೆ, ಪೆಡಲ್ ಒತ್ತದೆ ಹೋಗಬೇಕು. ಎಷ್ಟೋ ಕಡೆ ಜಾಲರಿ ಇಳಿಜಾರಿನ ಕೆಳಗೇ ಇರುತ್ತೆ, ವೇಗವಾಗಿ ಬಂದು ಕೊನೆ ಗಳಿಗೆಯಲ್ಲಿ ಕಾಣುತ್ತೆ.

ದಾರಿಯನ್ನ ಈಗ ಬಿಡಿಸಿ ಹೇಳ್ತೀನಿ. ಓವರ್‌ವೇನ್‌ನಿಂದ ಒಳಗೆ ಹೋಗಿ ಫೋಗೆಲ್‌ಮೇರ್ ಕೆರೆ ಕಡೆ ಹಿಡೀರಿ. ಆ ಭಾಗದಲ್ಲಿ ನೀರು ಎಳೆಯೋದನ್ನ 2000ದ ದಶಕದ ಆರಂಭದಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ದಿಬ್ಬಗಳ ನಡುವಿನ ತಗ್ಗುಗಳಲ್ಲಿ ನೀರು ವಾಪಸ್ ಬಂದಿದೆ. ಮೇ ತಿಂಗಳಲ್ಲಿ ಹೋದ್ರೆ ಪೊದೆಪೊದೆಯಲ್ಲೂ ನೈಟಿಂಗೇಲ್ ಹಾಡ್ತಿರುತ್ತೆ. ದಿಬ್ಬದ ಒಳಗೆಲ್ಲಾ ಎರಡನೇ ಮಹಾಯುದ್ಧದ ಜರ್ಮನ್ ಬಂಕರ್‌ಗಳು ಅರ್ಧ ಹೂತು ನಿಂತಿವೆ, ಚಳಿಗಾಲದಲ್ಲಿ ಕೆಲವದರಲ್ಲಿ ಬಾವಲಿ ಮಲಗುತ್ತವೆ. ಅಲ್ಲಿಂದ ಉತ್ತರಕ್ಕೆ ಐಮಾಯ್ಡನ್.

ಇಲ್ಲಿ ನಿಮ್ಮ ಕಾರಿಲ್ಲದ ಕನಸಿಗೆ ಸ್ವಲ್ಪ ಅಡ್ಡಿ. ಉತ್ತರ ಸಮುದ್ರ ಕಾಲುವೆ ದಾಟೋಕೆ ಎರಡು ಆಯ್ಕೆ. ಫೆಲ್ಸನ್‌ನಲ್ಲಿ ದೋಣಿ, ಸೈಕಲ್‌ನವರಿಗೆ ಪುಕ್ಕಟೆ. ಇಲ್ಲ ಅಂದ್ರೆ ಐಮಾಯ್ಡನ್ ಲಾಕ್‌ಗಳ, ಅಂದ್ರೆ ಹಡಗನ್ನ ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸೋ ಗೇಟಿನ ಕಟ್ಟೆಗಳ, ಮೇಲೆ ಹೋಗೋದು. ನಾನು ಯಾವಾಗಲೂ ಲಾಕ್ ಕಡೆ. 2022ರಲ್ಲಿ ತೆರೆದ ಹೊಸ ಲಾಕ್ 500 ಮೀಟರ್ ಉದ್ದ, 70 ಮೀಟರ್ ಅಗಲ, ಪ್ರಪಂಚದಲ್ಲೇ ದೊಡ್ಡದು. ಹಡಗು ಬಂದ್ರೆ ಗೇಟ್ ಮುಂದೆ ಕಾಯಬೇಕು, ಕಾಯೋದು ಬೇಜಾರಲ್ಲ. ಹತ್ತು ಅಂತಸ್ತಿನ ಹಡಗು ನಿಮ್ಮ ಮೂಗಿನ ಮುಂದೆ ನಿಧಾನಕ್ಕೆ ಸರೀತಿರುತ್ತೆ. ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ ಚಿಮಣಿಗಳು. ಮಾಲೀಕರು ಯಾರು ಅಂತ ಬೋರ್ಡ್ ನೋಡಿ ನಗು ಬರುತ್ತೆ, ಟಾಟಾ ಸ್ಟೀಲ್. ಅದು ದಾಟಿದ್ರೆ ವೈಕ್ ಆನ್ ಜೇ.

ಮೈಸೂರು_ಟು_ಲೈಡನ್
ಚೆಸ್ ನೋಡೋರಿಗೆ ಆ ಊರ ಹೆಸರು ಕಂಠಪಾಠ. ಆನಂದ್ ಐದು ಸಲ ಗೆದ್ದಿದ್ದಾರೆ ಅಲ್ಲಿ, 2025ರಲ್ಲಿ ಪ್ರಗ್ನಾನಂದ. ಜನವರಿಯಲ್ಲಿ ಟೂರ್ನಿ. ಜನವರಿಯಲ್ಲಿ ಸೈಕಲ್ ಮಾತ್ರ ತರಬೇಡಿ, ಆ ಗಾಳಿಗೆ ರಾಜ ಮಂತ್ರಿ ಎಲ್ಲಾ ಹಾರಿ ಹೋಗುತ್ತೆ.

ಟ್ಯೂಬ್‌ಲೆಸ್_ತಿಮ್ಮ
ಜನವರಿಯಲ್ಲೇ ಎಗ್ಮಂಡ್‌ನಿಂದ ಸಮುದ್ರದ ದಡದ ಮೇಲೇ ಸೈಕಲ್ ರೇಸ್ ನಡೆಯುತ್ತೆ, ಎಗ್ಮಂಡ್-ಪಿಯರ್-ಎಗ್ಮಂಡ್. ಒದ್ದೆ ಮರಳ ಮೇಲೆ, ದಪ್ಪ ಟೈರಲ್ಲಿ. ಹುಚ್ಚರು ಎಲ್ಲಾ ಕಡೆ ಇದ್ದಾರೆ.

ಎದುರುಗಾಳಿ
ಮುಂದುವರಿಸ್ತೀನಿ. ವೈಕ್ ಆನ್ ಜೇಯಿಂದ ಕಾಸ್ಟ್ರಿಕಮ್, ಎಗ್ಮಂಡ್, ಬರ್ಗನ್. ಇದೇ ಇಡೀ ದಿನದ ತಿರುಳು. ಒಂದು ಪಕ್ಕ ಬೋಳು ದಿಬ್ಬ, ಇನ್ನೊಂದು ಪಕ್ಕ ಕಾಡು, ಮಧ್ಯೆ ದಾರಿ ಹಾವಾಡಿಕೊಂಡು ಹೋಗುತ್ತೆ. ಸಮುದ್ರ ಹೆಚ್ಚು ಹೊತ್ತು ಕಾಣಲ್ಲ, ಸದ್ದು ಮಾತ್ರ ಕೇಳ್ತಿರುತ್ತೆ. ಏರಿಳಿತ ಸಣ್ಣದೇ ಆದ್ರೂ ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಹಾಲೆಂಡ್ ಚಪ್ಪಟೆ ಅಂತ ಬಂದವರ ತೊಡೆ ಇಲ್ಲಿ ಮಾತಾಡುತ್ತೆ.

ಬರ್ಗನ್ ದಾಟಿದ ಮೇಲೆ ನೆಲ ಬದಲಾಗೋದನ್ನ ಗಮನಿಸಿ. ಅಲ್ಲಿಯವರೆಗೆ ಸುಣ್ಣದ ಅಂಶ ಇರೋ ಮರಳು, ಡೌನ್‌ಡೋರ್ನ್ ಮುಳ್ಳುಪೊದೆ. ಬರ್ಗನ್‌ನಿಂದ ಉತ್ತರಕ್ಕೆ ಮರಳಲ್ಲಿ ಸುಣ್ಣ ಕಮ್ಮಿ, ಮುಳ್ಳುಪೊದೆ ಹೋಗಿ ಹೀದರ್ ಗಿಡ ಬರುತ್ತೆ. ಆಗಸ್ಟ್ ಕೊನೆಯಲ್ಲಿ ನೇರಳೆ ಬಣ್ಣ. ಸ್ಕೋರ್ಲ್‌ನಲ್ಲಿ ದಿಬ್ಬ 50 ಮೀಟರ್‌ಗೂ ಮೇಲೆ, ಪೈನ್ ಕಾಡು, ಊರ ಮಧ್ಯದಲ್ಲೇ ಮಕ್ಕಳು ಹತ್ತಿ ಉರುಳೋ ದೊಡ್ಡ ಮರಳ ಇಳಿಜಾರು. 2009, 2010ರಲ್ಲಿ ಆ ಕಡೆ ದೊಡ್ಡ ಬೆಂಕಿ ಬಿದ್ದಿತ್ತು. ಬೇಸಿಗೆಯಲ್ಲಿ ಬೆಂಕಿ ಎಚ್ಚರಿಕೆ ಬೋರ್ಡ್ ಕಂಡ್ರೆ ಸ್ಟೌವ್ ತೆಗೆದು ಚಹಾ ಕಾಯಿಸೋ ಸಾಹಸ ಬೇಡ.

ಹೊಸಬ_ಆಮ್‌ಸ್ಟಲ್‌ವೇನ್
ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಪೇಡೆ ಅವರೇ, ಬೆಲ್ ಇವತ್ತೇ ಹಾಕಿಸ್ತೀನಿ. ಇನ್ನೆರಡು ಪ್ರಶ್ನೆ. ದಕ್ಷಿಣದಿಂದ ಉತ್ತರಕ್ಕೇ ಯಾಕೆ, ತಿರುಗಿಸಿ ಹೋಗಬಾರದಾ? ಮತ್ತೆ ರೈಲಲ್ಲಿ ಸೈಕಲ್ ಬಿಡ್ತಾರಾ?

ಎದುರುಗಾಳಿ
ನನ್ನ ಹೆಸರೇ ಉತ್ತರ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ. ಉತ್ತರಕ್ಕೆ ಹೋದ್ರೆ ಬೆನ್ನಿಗೆ ಗಾಳಿ, ಬರುವಾಗ ರೈಲು. ಈಶಾನ್ಯ ಗಾಳಿ ಇರೋ ದಿನ ತಿರುಗಿಸಿ, ಆಲ್ಕ್‌ಮಾರ್‌ನಿಂದ ಶುರು ಮಾಡಿ. ಮಳೆ ಆ್ಯಪ್ ಎಲ್ಲರೂ ನೋಡ್ತಾರೆ, ಗಾಳಿ ದಿಕ್ಕು ನೋಡಿ ಸ್ಟೇಷನ್ ಆರಿಸೋರು ಕಮ್ಮಿ. ಗಾಳಿಯ ಜೋರು ಅಳೆಯೋ ಬೋಫರ್ಟ್ ಲೆಕ್ಕದಲ್ಲಿ 5 ದಾಟಿದ್ರೆ ನಾನು ಹೋಗಲ್ಲ. ಮರಳು ಕಾಲಿಗೆ, ಮುಖಕ್ಕೆ ಹೊಡೆಯುತ್ತೆ.

ರೈಲು: ವಾರದ ದಿನ ಬೆಳಿಗ್ಗೆ ಸಂಜೆ ದಟ್ಟಣೆ ಹೊತ್ತಲ್ಲಿ ಸೈಕಲ್ ಬಿಡಲ್ಲ. ವಾರಾಂತ್ಯದಲ್ಲಿ ಇಡೀ ದಿನ ಬಿಡ್ತಾರೆ. ಸೈಕಲ್‌ಗೆ ಬೇರೆ ಟಿಕೆಟ್. ಬೋಗಿ ಮೇಲೆ ಸೈಕಲ್ ಚಿತ್ರ ಇರೋ ಬಾಗಿಲಲ್ಲೇ ಹತ್ತಿ. ಬಿಸಿಲಿನ ಭಾನುವಾರ ಝಾಂಡ್‌ಫೋರ್ಟ್ ರೈಲು ಬೀಚಿಗೆ ಹೋಗೋರಿಂದ ತುಂಬಿ ತುಳುಕುತ್ತೆ, ಅದಕ್ಕೇ ಆದಷ್ಟು ಬೇಗ ಬನ್ನಿ.

ಮೈಸೂರು_ಟು_ಲೈಡನ್
ಝಾಂಡ್‌ಫೋರ್ಟ್ ಅಂದಾಗ ನೆನಪಾಯ್ತು. ರಾಷ್ಟ್ರೀಯ ಉದ್ಯಾನದ ಬೇಲಿ ಪಕ್ಕದಲ್ಲೇ ಫಾರ್ಮುಲಾ ಒನ್ ಸರ್ಕ್ಯೂಟ್. 1985ರ ನಂತರ ನಿಂತಿದ್ದ ರೇಸ್ 2021ರಲ್ಲಿ ವಾಪಸ್ ಬಂತು. ಮರಳು ಹಲ್ಲಿ, ಒಂದು ಜಾತಿ ಕಪ್ಪೆಗೆ ತೊಂದರೆ ಅಂತ ಪರಿಸರದವರು ಕೋರ್ಟಿಗೂ ಹೋಗಿದ್ರು. ಆ ವಾರಾಂತ್ಯದಲ್ಲಿ ನೀವು ಕಾರಿಲ್ಲದ ಚಿಪ್ಪಿನ ದಾರಿಯಲ್ಲಿ ತುಳೀತಿದ್ರೆ ದಿಬ್ಬದ ಆಚೆಯಿಂದ ಪ್ರಪಂಚದ ಅತಿ ವೇಗದ ಕಾರುಗಳ ಸದ್ದು ಕೇಳುತ್ತೆ. ಪ್ರೇಕ್ಷಕರಿಗೆ ಮಾತ್ರ ಕಾರ್ ತರಬೇಡಿ ಅಂತಾರೆ, ಲೆಕ್ಕವಿಲ್ಲದಷ್ಟು ಜನ ಸೈಕಲ್‌ನಲ್ಲೇ ಬರ್ತಾರೆ. ಈ ದೇಶ ಹೀಗೇ.

ಕುಮಟಾ_ಕಡಲು
ನಮ್ಮ ಕಡೆಯಿಂದ ಒಂದು ಕೊನೆ ಪ್ರಶ್ನೆ. ಆ ದಿಬ್ಬಗಳಲ್ಲಿ ಮೀನುಗಾರರ ಊರು ಇರಲಿಲ್ವಾ? ಅವರ ದಾರಿ ಎಲ್ಲಿ ಹೋಯ್ತು?

ಧಾರವಾಡ_ಪೇಡೆ
ಅದಕ್ಕ ನಾ ಹೇಳ್ತೇನಿ, ದಿನಾ ಓಡಾಡಾಕಿ. ಝಾಂಡ್‌ಫೋರ್ಟ್ ಮೊದಲು ಮೀನುಗಾರರ ಊರs. ಅಲ್ಲಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ದಿಬ್ಬ ದಾಟಿ ಹಾರ್ಲೆಮ್ ಸಂತಿಗೆ ಮೀನು ಒಯ್ತಿದ್ರು. ಆ ದಾರಿ ಇನ್ನೂ ಅದ, ಫಿಸರ್ಸ್‌ಪಾಡ್ ಅಂತಾರ. ಈಗ ಅದು ಸೈಕಲ್ ದಾರಿ, ಕಾರ್ ಇಲ್ಲ. ಕಾಡೆಮ್ಮಿ ಬೇಲಿ ಪಕ್ಕದಾಗs ಹೋಗ್ತದ. ಹೊಸಬರು ಉತ್ತರಕ್ಕ ಅಷ್ಟು ದೂರ ಹೋಗೂದು ಬ್ಯಾಡ ಅಂದ್ರ ಮೊದಲ ಸಲ ಇದೊಂದು ಮಾಡ್ರಿ. ಹಾರ್ಲೆಮ್‌ನಿಂದ ಝಾಂಡ್‌ಫೋರ್ಟ್, ಸಮುದ್ರ ನೋಡ್ರಿ, ಕರ್ನೆಮೆಲ್ಕ್ ಕುಡಿರಿ, ಅದು ನಮ್ಮ ಮಜ್ಜಿಗೀನs, ಉಪ್ಪು ಮೆಣಸಿನಕಾಯಿ ನೀವs ಒಯ್ಯಬೇಕು.

ಕುಮಟಾ_ಕಡಲು
ನಮ್ಮ ಮೀನಿನ ಬುಟ್ಟಿಯವರು ಹೋಗ್ತಿದ್ದ ಕಡಲದಾರಿ ಮೇಲೆ ಈಗ ರಾಷ್ಟ್ರೀಯ ಹೆದ್ದಾರಿ 66 ಇದೆ ಮಾರಾಯ್ರೆ. ನಾನು ಲಾಗ್ ಔಟ್.

ಹೊಸಬ_ಆಮ್‌ಸ್ಟಲ್‌ವೇನ್
ಸರಿ, ಈ ಶನಿವಾರ ಫಿಸರ್ಸ್‌ಪಾಡ್, ಗಾಳಿ ನೋಡಿಕೊಂಡು ಮುಂದಿನ ವಾರ ಸ್ಕೋರ್ಲ್. ಮ್ಯಾಪ್ ಯಾವುದು ಹಾಕ್ಕೊಳ್ಳಲಿ? ಕೊಮೂಟ್ ಬೇಡ ಅಂತೀರಿ.

ನೀರಿನ_ಲೆಕ್ಕ
ಕ್ನೋಪ್‌ಪಂಟನ್, ಅಂದ್ರೆ ಸಂಖ್ಯೆ ಹಾಕಿದ ಸಂಧಿ ಸ್ಥಳಗಳು, ದಾರಿ ಉದ್ದಕ್ಕೂ ಇವೆ. ಬೆಲ್ಜಿಯಂನಲ್ಲಿ ಗಣಿ ಎಂಜಿನಿಯರ್ ಒಬ್ಬರು ಶುರು ಮಾಡಿದ ವ್ಯವಸ್ಥೆ, ಈಗ ಇಲ್ಲಿ ದೇಶದ ತುಂಬಾ ಇದೆ. ಮನೆಯಲ್ಲೇ ಸಂಖ್ಯೆಗಳನ್ನ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ. ಆ ಸಂಖ್ಯೆ ಹಿಡಿದು ಹೋದ್ರೆ ಸೈಕಲ್‌ಗೆ ಅನುಮತಿ ಇರೋ ದಾರಿಯಲ್ಲೇ ಇರ್ತೀರಿ. ಫೋನ್ ತೆಗೆಯೋದೇ ಬೇಡ. ಕೆಲವು ಕಡೆ ನೆಲದ ಮಟ್ಟದಲ್ಲಿ ಅಣಬೆ ಆಕಾರದ ಬಿಳಿ ಮೈಲುಗಲ್ಲು ಕಾಣುತ್ತೆ, ಅದನ್ನ ಓದೋಕೆ ಬಗ್ಗಬೇಕು.

ಟ್ಯೂಬ್‌ಲೆಸ್_ತಿಮ್ಮ
ಹುಲ್ಲಲ್ಲಿ ಕೂತು ಊಟ ಮಾಡಿದ್ರೆ ಮನೆಗೆ ಬಂದು ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ಇಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತೆ, ತಮಾಷೆ ಅಲ್ಲ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀಬೇಕು, ಎಣ್ಣೆ ಗಿಣ್ಣೆ ಹಚ್ಚಬೇಡಿ. ಕೆಂಪು ವೃತ್ತ ಹರಡ್ತಾ ಹೋದ್ರೆ ಡಾಕ್ಟರ್ ಹತ್ತಿರ ಹೋಗಿ. ಸ್ಕೋರ್ಲ್‌ಗೆ ನಾನೂ ಬರ್ತೀನಿ, ಕಾಲುದಾರಿ ಬೇಡ, ಆಣೆ.

ಧಾರವಾಡ_ಪೇಡೆ
ಬೆಲ್ ತೋರಿಸಿ ಹೋಗ್ರಿ, ಸಾಂಟ್‌ಪೋರ್ಟ್‌ನ್ಯಾಗ ನಿಂತಿರ್ತೇನಿ. ಚುರುಮುರಿ ಕಟ್ಟಿ ಕೊಡ್ತೇನಿ.

ಎದುರುಗಾಳಿ
ಡೌನ್‌ಕಾರ್ಟ್ ಆನ್‌ಲೈನಲ್ಲಿ ಹಿಂದಿನ ದಿನವೇ ತಗೊಳ್ಳಿ, ಗೇಟಲ್ಲಿ ನಿಂತು ಫೋನಲ್ಲಿ ಪರದಾಡೋದು ಬೇಡ. ಸೂರ್ಯ ಮುಳುಗೋಕೆ ಮುಂಚೆ ಹೊರಗಿರಬೇಕು ಅನ್ನೋದೂ ನಿಯಮ. ಶುಕ್ರವಾರ ರಾತ್ರಿ ಗಾಳಿ ನೋಡಿ ಓವರ್‌ವೇನ್ನೋ ಆಲ್ಕ್‌ಮಾರೋ ಅಂತ ಇಲ್ಲೇ ಹಾಕ್ತೀನಿ.